ಅಮೆರಿಕದ ಸ್ಟೇಟ್ ಪಾರ್ಕ್‌ಗಳು

ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನಗಳು ಒಕ್ಕೂಟ ಸರ್ಕಾರದ ಅಧೀನ. ಸ್ಟೇಟ್ ಪಾರ್ಕ್‌ಗಳನ್ನು ನಡೆಸುವುದು ಆಯಾ ರಾಜ್ಯಗಳು. ಚಾರಣ, ದೋಣಿವಿಹಾರ, ಡೇರೆ ವಾಸ ಇಲ್ಲಿನ ಮುಖ್ಯ ಆಕರ್ಷಣೆಗಳು. ಇವುಗಳ ಇತಿಹಾಸ ಹಳೆಯದು: 1864ರಲ್ಲಿ ಅಬ್ರಹಾಂ ಲಿಂಕನ್ ಸಹಿ ಹಾಕಿದ ಕಾಯ್ದೆಯಂತೆ ಯೊಸೆಮಿಟಿ ಕಣಿವೆಯನ್ನೂ ಮಾರಿಪೋಸಾದ ದೈತ್ಯ ಸಿಕ್ವೋಯಾ ಮರಗಳ ತೋಪನ್ನೂ ಸಾರ್ವಜನಿಕರ ವಿಹಾರಕ್ಕೆಂದು ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ವಹಿಸಲಾಯಿತು. 1906ರಲ್ಲಿ ಅವು ಒಕ್ಕೂಟಕ್ಕೆ ಮರಳಿದವು. ಹೀಗಾಗಿ, ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಸ್ಟೇಟ್ ಪಾರ್ಕ್ ಎಂಬ ಹಿರಿಮೆಯನ್ನು ಸಾಮಾನ್ಯವಾಗಿ ನ್ಯೂಯಾರ್ಕ್ ರಾಜ್ಯ 1885ರಲ್ಲಿ ಸ್ಥಾಪಿಸಿದ ನಯಾಗರಾ ಉದ್ಯಾನಕ್ಕೆ ನೀಡಲಾಗುತ್ತದೆ. ಅದಕ್ಕೂ ಮೊದಲು ಅಲ್ಲಿನ ಜಲಪಾತದ ದಂಡೆಯನ್ನು ಗಿರಣಿಗಳೂ ಖಾಸಗಿ ಬೇಲಿಗಳೂ ಆಕ್ರಮಿಸಿದ್ದವು. ಜಲಪಾತ ನೋಡಲೂ ಹಣ ತೆರಬೇಕಿತ್ತು! ಭೂದೃಶ್ಯ ವಿನ್ಯಾಸಕ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಸಂಗಡಿಗರ ಚಳವಳಿ ಆ ದಂಡೆಯನ್ನು ಬಿಡಿಸಿತು. ಇನ್ನು ರಾಷ್ಟ್ರೀಯ ಉದ್ಯಾನಗಳ ಪೈಕಿ ಮೊದಲನೆಯದು 1872ರಲ್ಲಿ ಸ್ಥಾಪನೆಯಾದ ಯೆಲ್ಲೋಸ್ಟೋನ್.