ದೂರದ ಯಂತ್ರದಲ್ಲಿ ನಮ್ಮ ಡಿಸ್ಕು

ಆದಿಲಶಾಹಿಯ ಕಾಲದಲ್ಲಿ ಬೇಗಂ ತಲಾಬಿನ ನೀರು ಮಣ್ಣಿನ ಕೊಳವೆಗಳ ಮೂಲಕ ವಿಜಯಪುರ ನಗರಕ್ಕೆ ಹರಿದು ಬರುತ್ತಿತ್ತು. ಸಂಗ್ರಹ ಒಂದೆಡೆ, ಬಳಕೆ ಇನ್ನೊಂದೆಡೆ. ಗಣಕಯಂತ್ರಗಳಲ್ಲಿಯೂ ಇಂತಹ ಏರ್ಪಾಡು ಸಾಧ್ಯವೇ ಎಂಬುದನ್ನು ಈಗ ವಿಚಾರಿಸೋಣ.

ತನ್ನಲ್ಲಿರುವುದು ಪತ್ರವೋ ಚಿತ್ರವೋ ಎಂಬುದನ್ನು ಡಿಸ್ಕು ಅರಿಯದು. ಅದು ಬಲ್ಲುದು 512 ಅಥವಾ 4096 ಬೈಟುಗಳ ಖಂಡಗಳನ್ನೂ ಅವುಗಳ ಕ್ರಮಸಂಖ್ಯೆಯನ್ನೂ ಮಾತ್ರ. ‘ಇಂತಹ ಖಂಡವನ್ನು ಓದು’, ‘ಇಂತಹುದರಲ್ಲಿ ಬರೆ’ ಎಂಬ ಸ್ಕಸಿ ಆಜ್ಞೆಗಳನ್ನು ಸಾಮಾನ್ಯ ಜಾಲದ ಮೂಲಕ ಕಳುಹಿಸುವ ವಿಧಾನಕ್ಕೆ ಐಸ್ಕಸಿ ಎಂದು ಹೆಸರು. ಇದರ ನಿಯಮಾವಳಿ 2004ರಲ್ಲಿ ಪ್ರಕಟವಾಯಿತು. ಡಿಸ್ಕನ್ನು ಒದಗಿಸುವ ಯಂತ್ರವು ಟಾರ್ಗೆಟ್. ಅದನ್ನು ಬಳಸುವುದು ಇನಿಷಿಯೇಟರ್.

ಹಳೆಯ ಗಣಕವೊಂದನ್ನು ಟಾರ್ಗೆಟ್ ಆಗಿ ಮಾರ್ಪಡಿಸುವ ತಂತ್ರಾಂಶಗಳು ಹಲವಾರಿವೆ. ಎಲ್‌ಐಒ ಎಂಬುದು 2011ರಲ್ಲಿ ಲಿನಕ್ಸಿನ ತಿರುಳಿನೊಳಗೇ ಸೇರಿತು. ಆದುದರಿಂದ ವೇಗ ಹೆಚ್ಚು, ಬೇರೆ ಜೋಡಣೆ ಬೇಡ. ಟಿಜಿಟಿ ತಿರುಳಿನ ಹೊರಗೆ ಸಾಮಾನ್ಯ ಕ್ರಮವಿಧಿಯಂತೆ ನಡೆಯುತ್ತದೆ; ಸಾಧಾರಣವಾಗಿ ತುಸು ನಿಧಾನ, ಆದರೆ ಅದು ಕುಸಿದರೆ ಇಡೀ ಯಂತ್ರ ಕುಸಿಯದು. ಎಸ್‌ಸಿಎಸ್‌ಟಿ ವೇಗಶಾಲಿಯಾದರೂ ಅಧಿಕೃತ ತಿರುಳಿನಲ್ಲಿ ಸೇರಿಲ್ಲ. ತಿರುಳು ಬದಲಾದಾಗ ಅದನ್ನು ಮತ್ತೆ ಕಟ್ಟಿಕೊಳ್ಳಬೇಕು. ವಿಂಡೋಸ್ ಸರ್ವರ್ 2012ರಿಂದೀಚೆಗೆ ಟಾರ್ಗೆಟ್ ಅದರೊಡನೆಯೇ ಬರುತ್ತದೆ. ಬಳಕೆ ಸುಲಭ, ಆದರೆ ಪರವಾನಗಿಗೆ ಹಣ ತೆರಬೇಕು. ಕಾಲೇಜಿನ ಪ್ರಯೋಗಶಾಲೆಗೆ ಎಲ್‌ಐಒ ಯೋಗ್ಯವೆಂದು ನಮಗೆ ತೋರುತ್ತದೆ.

ವಿಜಯಪುರದ ಡಿಸ್ಕನ್ನು ತಿಕೋಟಾದಿಂದ ಬಳಸಬಹುದೇ? ತಂತುವಿನ ಉದ್ದ 20 ಕಿಲೋಮೀಟರೆಂದು ಹಿಡಿಯೋಣ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2,00,000 ಕಿಲೋಮೀಟರು ಚಲಿಸುವುದರಿಂದ, ಹೋಗಿಬರಲು 0.0002 ಸೆಕೆಂಡು ಸಾಕು. ಅಡ್ಡಿಯಾಗುವುದು ದೂರವಲ್ಲ, ನಡುವಣ ಉಪಕರಣಗಳ ವಿಳಂಬ ಮತ್ತು ಕಡಿದುಹೋಗುವ ಸಂಪರ್ಕ. ಬರವಣಿಗೆಯ ನಡುವೆ ಸಂಪರ್ಕ ತಪ್ಪುವುದೆಂದರೆ, ಓಡುತ್ತಿರುವ ಯಂತ್ರದಿಂದ ಡಿಸ್ಕನ್ನು ಕಿತ್ತಂತೆಯೇ ಸರಿ.

ಇದಕ್ಕಿಂತಲೂ ದೊಡ್ಡ ಅಪಾಯವೊಂದುಂಟು. ತಿಕೋಟಾ ಮತ್ತು ಬಬಲೇಶ್ವರಗಳ ಎರಡು ಗಣಕಗಳು ಒಂದೇ ಡಿಸ್ಕಿಗೆ ಸೇರಿಕೊಂಡವೆನ್ನೋಣ. ಯಾವ ಖಂಡ ಬರಿದಾಗಿದೆಯೆಂಬ ಲೆಕ್ಕವನ್ನು ಪ್ರತಿಯೊಂದೂ ತನ್ನ ಸ್ಮರಣೆಯಲ್ಲಿ ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತದೆ. 700ನೆಯ ಖಂಡ ಬರಿದೆಂದು ಎರಡೂ ಭಾವಿಸಿ, ಒಂದು ವಿದ್ಯಾರ್ಥಿಗಳ ಅಂಕಪಟ್ಟಿಯನ್ನೂ ಇನ್ನೊಂದು ಚಿತ್ರವನ್ನೂ ಬರೆದರೆ, ಮೊದಲು ಬರೆದುದು ಅಳಿಯಿತು! ಟಾರ್ಗೆಟ್ ತನಗೆ ಬಂದ ಆಜ್ಞೆಯನ್ನು ಪಾಲಿಸಿತಷ್ಟೆ, ತಪ್ಪು ಅದರದಲ್ಲ.

ಆದುದರಿಂದ ಪ್ರತಿಯೊಂದು ಗಣಕಕ್ಕೂ ಪ್ರತ್ಯೇಕ ಡಿಸ್ಕನ್ನು ಗೊತ್ತುಪಡಿಸಬೇಕು. ಕಡತಗಳನ್ನು ಹಂಚಿಕೊಳ್ಳುವುದಷ್ಟೇ ಉದ್ದೇಶವಾದರೆ ಎನ್‌ಎಫ್‌ಎಸ್‌ನಂತಹ ಕಡತ ವ್ಯವಸ್ಥೆಯೇ ಲೇಸು. ಗುಪ್ತಪದವಿಲ್ಲದೆ ಯಾರನ್ನೂ ಒಳಬಿಡಲಾಗದು. ಪ್ರತಿಯೊಂದನ್ನು ಬೇರೆಡೆ ಕಾದಿರಿಸುವುದೂ ಅವಶ್ಯ.

ಒಂದು ಕೆರೆಯ ನೀರನ್ನು ಎರಡು ಊರವರು ಕುಡಿಯಬಹುದು; ಒಂದೇ ಪುಟದ ಮೇಲೆ ಪರಸ್ಪರ ಅರಿಯದೆ ಇಬ್ಬರು ಬರೆಯಬಾರದು.