ಲಕ್ಷಣವಿಲ್ಲದ ಸೋಂಕುಗಳ ಪತ್ತೆ

ರೋಗವು ನೋವಾಗಿಯೋ ಜ್ವರವಾಗಿಯೋ ತನ್ನನ್ನು ತೋರಿಸಿಕೊಂಡಾಗ ನಾವು ವೈದ್ಯರ ಬಳಿಗೆ ಹೋಗುತ್ತೇವೆ. ನೋವೂ ಇಲ್ಲ, ಜ್ವರವೂ ಇಲ್ಲ ಎನ್ನುವಾಗ ಯಾರಾದರೂ ಪರೀಕ್ಷೆಯ ಮಾತನ್ನೆತ್ತಿದರೆ, ‘ಇಲ್ಲದ ರೋಗವನ್ನು ಏಕೆ ಹುಡುಕಬೇಕು?’ ಎಂದು ಕೇಳುವುದು ಸಹಜ. ಆದರೆ ಮನುಷ್ಯನನ್ನು ಕಾಡುವ ರೋಗಾಣುಗಳಲ್ಲಿ ಕೆಲವು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ, ಯಾವ ಸುಳಿವನ್ನೂ ಕೊಡದೆ ದೇಹದಲ್ಲಿ ಬೀಡುಬಿಟ್ಟಿರಬಲ್ಲುವು. ಲೈಂಗಿಕ ಸಂಪರ್ಕದಿಂದ ಹರಡುವ ಹಲವು ಸೋಂಕುಗಳು ಈ ಬಗೆಯವು. ಇವನ್ನು ಲಕ್ಷಣ ತೋರುವ ಮೊದಲೇ ಪತ್ತೆಹಚ್ಚುವ ಕ್ರಮವನ್ನು ಶೋಧನ ಪರೀಕ್ಷೆ ಎನ್ನಬಹುದು. ಶೋಧಿಸು ಎಂಬ ಮಾತಿಗೆ ಹುಡುಕು ಎಂಬ ಅರ್ಥವೂ ಉಂಟು, ಸೋಸು ಎಂಬ ಅರ್ಥವೂ ಉಂಟು. ಇಲ್ಲಿ ಎರಡೂ ಸಲ್ಲುತ್ತವೆ. ಎಚ್.ಐ.ವಿ. ಸೋಂಕಿರುವ ಪುರುಷರಿಗೆ ಈ ಪರೀಕ್ಷೆ ಏಕೆ ಅಗತ್ಯ, ಅದನ್ನು ಹೇಗೆ ನಡೆಸುತ್ತಾರೆ, ಅದರ ಫಲವನ್ನು ಅರ್ಥಮಾಡಿಕೊಳ್ಳುವುದೆಂತು ಎಂಬುದನ್ನು ವಿಚಾರ ಮಾಡೋಣ.

ಎರಡು ಸೋಂಕುಗಳ ನಂಟು

ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದುದು 1986ರಲ್ಲಿ, ಚೆನ್ನೈ ನಗರದಲ್ಲಿ. ಡಾಕ್ಟರ್ ಸುನೀತಿ ಸಾಲೊಮನ್ ಮತ್ತು ಅವರ ಸಂಗಡಿಗರಿಂದ. ಆಗ ಅದಕ್ಕೆ ಮದ್ದಿರಲಿಲ್ಲ. 1996ರ ಸುಮಾರಿಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿತು. 2004ರಿಂದ ಭಾರತ ಸರ್ಕಾರವು ಅದನ್ನು ಉಚಿತವಾಗಿ ಒದಗಿಸತೊಡಗಿತು. ಸಕಾಲದಲ್ಲಿ ಮದ್ದನ್ನು ಆರಂಭಿಸಿ ತಪ್ಪದೆ ಸೇವಿಸುವವನು ಇಂದು ಇತರರಂತೆಯೇ ದುಡಿದು, ಹೆಚ್ಚು ಕಡಿಮೆ ಅವರಷ್ಟೇ ಕಾಲ ಬಾಳಬಲ್ಲನು. ಆದುದರಿಂದಲೇ ಅವನ ದೇಹದ ಮಿಕ್ಕ ರೋಗಗಳ ಕಡೆಗೂ ಗಮನ ಹರಿಸಬೇಕಾಗಿದೆ.

ಎಚ್.ಐ.ವಿ.ಗೂ ಉಳಿದ ಲೈಂಗಿಕ ಸೋಂಕುಗಳಿಗೂ ದಾರಿ ಒಂದೇ. ಆದಕಾರಣ ಒಂದಿರುವಲ್ಲಿ ಇನ್ನೊಂದು ಇರುವ ಸಂಭವ ಹೆಚ್ಚು. ಅಷ್ಟೇ ಅಲ್ಲ, ಅವು ಒಂದಕ್ಕೊಂದು ನೆರವಾಗುತ್ತವೆ. ಜನನಾಂಗದ ಮೇಲಿನ ಹುಣ್ಣು ವೈರಸ್ಸಿಗೆ ತೆರೆದ ಬಾಗಿಲು. ಉರಿಯೂತವಾದೆಡೆಗೆ ಧಾವಿಸಿ ಬರುವ ಬಿಳಿಯ ರಕ್ತಕಣಗಳಲ್ಲಿ ಎಚ್.ಐ.ವಿ. ಹೊಕ್ಕು ಬೆಳೆಯುವ ಕಣಗಳೇ ಸೇರಿರುತ್ತವೆ. ಚಿಕಿತ್ಸೆಯಿಲ್ಲದ ರೋಗಿಯಲ್ಲಿ ಇಂತಹ ಹುಣ್ಣು ಎಚ್.ಐ.ವಿ.ಯ ಹರಡುವಿಕೆಗೆ ಇಂಬುಕೊಡುತ್ತದೆ.

ಮದ್ದಿನಿಂದ ವೈರಸ್ಸು ರಕ್ತದಲ್ಲಿ ಪತ್ತೆಯಾಗದಷ್ಟು ಅಡಗಿದ್ದರೆ ಮಾತು ಬೇರೆ. ಯೂರೋಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಪಾರ್ಟ್ನರ್’ ಅಧ್ಯಯನದ ಎರಡನೆಯ ಭಾಗದಲ್ಲಿ 782 ಪುರುಷ ಜೋಡಿಗಳನ್ನು ಗಮನಿಸಿದರು. ಪ್ರತಿ ಜೋಡಿಯಲ್ಲಿಯೂ ಒಬ್ಬನಿಗೆ ಎಚ್.ಐ.ವಿ. ಇದ್ದು, ಇನ್ನೊಬ್ಬನಿಗೆ ಇರಲಿಲ್ಲ. ವೈರಸ್ಸು ಅಡಗಿದ್ದ ಸಂಗಾತಿಯಿಂದ ಇನ್ನೊಬ್ಬನಿಗೆ ಅದು ದಾಟಿದ ನಿದರ್ಶನ ಒಂದೂ ದೊರೆಯಲಿಲ್ಲ. ಇದು ಬಹು ಸಮಾಧಾನದ ಸಂಗತಿ. ಆದರೆ ಎಚ್.ಐ.ವಿ.ಯನ್ನು ಅಡಗಿಸುವ ಗುಳಿಗೆ ಸಿಫಿಲಿಸ್ಸನ್ನಾಗಲಿ ಗೊನೋರಿಯವನ್ನಾಗಲಿ ತಡೆಯಲಾರದೆಂಬುದನ್ನು ಮರೆಯಬಾರದು.

ಸಿಫಿಲಿಸ್ಸಿನ ಮರೆಯಾಟ

ಈ ಸೋಂಕುಗಳಲ್ಲಿ ಬಹು ಕಪಟಿಯಾದುದು ಸಿಫಿಲಿಸ್. ಇದರ ರೋಗಾಣುವನ್ನು 1905ರಲ್ಲಿ ಜರ್ಮನಿಯ ಶೌಡಿನ್ ಮತ್ತು ಹಾಫ್‌ಮನ್ ಕಂಡುಹಿಡಿದರು. ಬಿರಡೆ ತೆಗೆಯುವ ತಿರುಪಿನಂತೆ ಸುರುಳಿಯಾಗಿರುವ ಈ ಜೀವಿಯು ಎಷ್ಟು ತೆಳುವೆಂದರೆ, ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಓರೆಬೆಳಕು ಬಿಟ್ಟು ನೋಡಬೇಕು.

ಸೋಂಕು ತಗಲಿದ 10ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರನೆಯ ವಾರದಲ್ಲಿ, ರೋಗಾಣು ಹೊಕ್ಕ ಸ್ಥಳದಲ್ಲಿ ಒಂದು ಹುಣ್ಣು ಏಳುತ್ತದೆ. ಅದು ಸಾಮಾನ್ಯವಾಗಿ ನೋಯುವುದಿಲ್ಲ. ಬಾಯಿಯಲ್ಲೋ ಗುದದ್ವಾರದ ಒಳಗೋ ಇದ್ದರೆ ಕಾಣುವುದೂ ಇಲ್ಲ. ಮದ್ದು ಮಾಡದಿದ್ದರೂ ಮೂರರಿಂದ ಆರು ವಾರಗಳಲ್ಲಿ ಅದು ತಾನಾಗಿಯೇ ಮಾಯುತ್ತದೆ. ರೋಗ ಹೋಯಿತೆಂದು ಮನುಷ್ಯನು ಭ್ರಮಿಸುವುದು ಇಲ್ಲಿಯೇ. ಕೆಲವು ವಾರಗಳು ಕಳೆದ ಮೇಲೆ ಮೈಮೇಲೆ, ಅಂಗೈ ಅಂಗಾಲುಗಳಲ್ಲಿಯೂ, ಕೆಂಪು ಕಲೆಗಳು ಕಾಣಿಸಬಹುದು; ಅವೂ ಮರೆಯಾಗುತ್ತವೆ. ಆ ಬಳಿಕ ರೋಗ ಅಜ್ಞಾತವಾಸಕ್ಕೆ ತೊಡಗುತ್ತದೆ. ವರ್ಷಗಳು ಉರುಳಿದ ಮೇಲೆ ಹೃದಯದ ಮಹಾಧಮನಿಯನ್ನೋ ಮಿದುಳನ್ನೋ ಕೆಡಿಸಬಹುದು. ಕಣ್ಣಿಗೆ, ಕಿವಿಗೆ, ನರಮಂಡಲಕ್ಕೆ ಧಕ್ಕೆ ತಗಲಲು ಅಷ್ಟು ಕಾಲವೂ ಬೇಕಿಲ್ಲ. ಸೋಂಕಿನ ಯಾವ ಘಟ್ಟದಲ್ಲಿಯೂ ಅದು ಒದಗಬಹುದು. ಆದ್ದರಿಂದ ಎಚ್.ಐ.ವಿ. ಇರುವವನಿಗೆ ಇದ್ದಕ್ಕಿದ್ದಂತೆ ದೃಷ್ಟಿ ಮಂಜಾದರೆ ಅಥವಾ ಕಿವಿ ಮಂದವಾದರೆ, ವೈದ್ಯರು ಸಿಫಿಲಿಸ್ಸನ್ನೂ ನೆನೆಯಬೇಕು.

ರಕ್ತಪರೀಕ್ಷೆಯ ಮರ್ಮ

ಅಡಗಿದ ಸಿಫಿಲಿಸ್ಸನ್ನು ಹಿಡಿಯುವುದು ರಕ್ತಪರೀಕ್ಷೆ. 1906ರಲ್ಲಿ ಬರ್ಲಿನ್ನಿನ ವಾಸರ್‌ಮನ್ ಮತ್ತು ಸಂಗಡಿಗರು ಇದಕ್ಕೆ ತಳಹದಿ ಹಾಕಿದರು. ಸಿಫಿಲಿಸ್ ತಗಲಿದ ಶಿಶುವಿನ ಯಕೃತ್ತಿನ ಸಾರವನ್ನು ಅವರು ಬಳಸಿದರು. ಅದರಲ್ಲಿರುವ ರೋಗಾಣುವೇ ಪರೀಕ್ಷೆಯ ಜೀವಾಳವೆಂದು ಆಗ ತಿಳಿದಿದ್ದರು. ಆದರೆ ರೋಗವೇ ಇಲ್ಲದ ಎತ್ತಿನ ಹೃದಯದ ಸಾರವೂ ಅದೇ ಫಲವನ್ನು ಕೊಡುವುದೆಂದು ಬೇಗನೆ ತಿಳಿದುಬಂದಿತು! 1941ರಲ್ಲಿ ಮೇರಿ ಪ್ಯಾಂಗ್‌ಬಾರ್ನ್ ಎಂಬ ವಿಜ್ಞಾನಿ ಆ ಸಾರದಿಂದ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನ ವಸ್ತುವನ್ನು ಬೇರ್ಪಡಿಸಿದರು. ಸಿಫಿಲಿಸ್ ರೋಗಿಯ ರಕ್ತದಲ್ಲಿ ಈ ವಸ್ತುವಿಗೆ ಅಂಟಿಕೊಳ್ಳುವ ಪ್ರತಿಕಾಯಗಳಿರುತ್ತವೆ. ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ನಡೆಯುವ ವಿ.ಡಿ.ಆರ್.ಎಲ್. ಮತ್ತು ಆರ್.ಪಿ.ಆರ್. ಪರೀಕ್ಷೆಗಳಿಗೆ ಆಧಾರ ಇದೇ. ಆರ್.ಪಿ.ಆರ್.ನಲ್ಲಿ ಇದ್ದಲಿನ ಸಣ್ಣ ಕಣಗಳನ್ನು ಬೆರೆಸಿರುತ್ತಾರೆ. ಬಿಳಿಯ ಕಾರ್ಡಿನ ಮೇಲೆ ಕಪ್ಪು ಮುದ್ದೆಗಳು ಕಟ್ಟಿದರೆ ಪ್ರತಿಕಾಯಗಳಿವೆಯೆಂದು ಅರ್ಥ.

ರಕ್ತರಸವನ್ನು ಇಮ್ಮಡಿ, ನಾಲ್ಮಡಿ, ಎಂಟು ಮಡಿ ಹೀಗೆ ತೆಳುಮಾಡುತ್ತ, ಎಲ್ಲಿಯವರೆಗೆ ಮುದ್ದೆ ಕಟ್ಟುವುದೆಂದು ನೋಡುತ್ತಾರೆ. 1:32 ಎಂದು ಬರೆದಿದ್ದರೆ, ಮೂವತ್ತೆರಡು ಮಡಿ ತೆಳುವಾಗಿಸಿದಾಗಲೂ ಮುದ್ದೆ ಕಟ್ಟಿತೆಂದು ತಿಳಿಯಬೇಕು. ಚಿಕಿತ್ಸೆಯ ಮೇಲೆ 1:32 ಇದ್ದುದು 1:8ಕ್ಕೆ ಇಳಿದರೆ ಮದ್ದು ನಾಟಿತೆಂದು ಗುರುತು. 1:2ಕ್ಕೆ ಇಳಿದು ನಿಂತಿದ್ದುದು ಮತ್ತೆ 1:8ಕ್ಕೆ ಏರಿ ಅಲ್ಲಿಯೇ ನಿಂತರೆ, ಹೊಸದಾಗಿ ಸೋಂಕು ತಗಲಿರಬಹುದು ಅಥವಾ ಮೊದಲಿನ ಚಿಕಿತ್ಸೆ ಫಲಿಸದಿರಬಹುದು. ಒಂದೇ ಮೆಟ್ಟಿಲಿನ ಏರಿಳಿತಕ್ಕೆ ಹೆಚ್ಚು ಬೆಲೆಯಿಲ್ಲ; ಎರಡು ಮೆಟ್ಟಿಲು, ಎಂದರೆ ನಾಲ್ಕು ಮಡಿ, ಬದಲಾವಣೆಯಾಗಬೇಕು. ಹಳೆಯ ಚೀಟಿಗಳನ್ನು ಜೋಪಾನವಾಗಿಡಬೇಕೆನ್ನುವುದು ಈ ಹೋಲಿಕೆಗಾಗಿ.

ಈ ಪರೀಕ್ಷೆಗೆ ಎರಡು ದೋಷಗಳುಂಟು. ಕಾರ್ಡಿಯೊಲಿಪಿನ್ ನಮ್ಮ ದೇಹದ ವಸ್ತುವೂ ಆದುದರಿಂದ, ಬೇರೆ ಕೆಲವು ರೋಗಗಳಲ್ಲಿಯೂ ಇದು ಸುಳ್ಳುಫಲ ತೋರಬಹುದು. ಆದಕಾರಣ ಸಿಫಿಲಿಸ್ ರೋಗಾಣುವಿನ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳನ್ನು ಹುಡುಕುವ ಟಿ.ಪಿ.ಎಚ್.ಎ. ಮುಂತಾದ ಇನ್ನೊಂದು ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು. ಈ ಎರಡನೆಯದು ರೋಗ ಗುಣವಾದ ಮೇಲೂ ಬಹುಮಂದಿಯಲ್ಲಿ ಜೀವಮಾನವಿಡೀ ಹಾಗೆಯೇ ಉಳಿಯುತ್ತದೆ; ಅದನ್ನು ಕಂಡು ರೋಗಿ ಗಾಬರಿಯಾಗಬೇಕಾಗಿಲ್ಲ. ಇನ್ನೊಂದು ದೋಷ ವಿಚಿತ್ರವಾದುದು. ಪ್ರತಿಕಾಯಗಳು ಮಿತಿಮೀರಿ ಇದ್ದರೆ, ಪ್ರತಿಯೊಂದು ಕಣವನ್ನೂ ಅವೇ ಮುತ್ತಿಕೊಂಡು, ಕಣಕ್ಕೆ ಕಣ ಸೇರಿ ಮುದ್ದೆ ಕಟ್ಟುವುದಕ್ಕೆ ಎಡೆಯೇ ಇಲ್ಲದಂತೆ ಮಾಡುತ್ತವೆ. ರೋಗ ಬಲವಾಗಿದ್ದರೂ ಫಲ ‘ಇಲ್ಲ’ ಎಂದು ಬರುತ್ತದೆ. ಎಚ್.ಐ.ವಿ. ಇರುವವರಲ್ಲಿ ಇದು ತುಸು ಹೆಚ್ಚಾಗಿ ಕಾಣುವುದರಿಂದ, ಲಕ್ಷಣಗಳಿದ್ದೂ ಫಲ ಶೂನ್ಯವಾದರೆ ರಕ್ತರಸವನ್ನು ತೆಳುಮಾಡಿ ಮತ್ತೊಮ್ಮೆ ನೋಡಬೇಕು.

ಮೂರು ತಾಣಗಳು

ಗೊನೋರಿಯ ಮತ್ತು ಕ್ಲಮೀಡಿಯ ಎಂಬ ಸೋಂಕುಗಳ ಪತ್ತೆಗೆ ರಕ್ತ ಬೇಡ. ಹಿಡಿದಿಟ್ಟ ಮೂತ್ರದ ಮೊದಲ ಧಾರೆಯಲ್ಲಿ ರೋಗಾಣುವಿನ ನ್ಯೂಕ್ಲಿಯಿಕ್ ಆಮ್ಲವನ್ನು ಹುಡುಕುತ್ತಾರೆ. ಧಾರೆಯ ನಡುಭಾಗ ಇದಕ್ಕೆ ತಕ್ಕುದಲ್ಲ. ಮೂತ್ರನಾಳವನ್ನು ತೊಳೆದುಕೊಂಡು ಬರುವುದು ಮೊದಲ ಧಾರೆಯೇ. ಆದರೆ ಪುರುಷರೊಡನೆ ಸಂಪರ್ಕವಿರುವ ಪುರುಷರಲ್ಲಿ ಈ ರೋಗಾಣುಗಳು ಗಂಟಲಿನಲ್ಲಿಯೂ ಗುದನಾಳದಲ್ಲಿಯೂ ನೆಲಸಬಹುದು. ಅಲ್ಲಿ ಅವು ಬಹುಮಟ್ಟಿಗೆ ಮೂಕವಾಗಿರುತ್ತವೆ. ಮೂತ್ರವೊಂದನ್ನೇ ನೋಡಿ ‘ರೋಗವಿಲ್ಲ’ ಎನ್ನುವುದು, ಮೂರು ಕೋಣೆಗಳ ಮನೆಯಲ್ಲಿ ಒಂದರೊಳಗೆ ಇಣುಕಿ ಕಳ್ಳನಿಲ್ಲವೆಂದಂತೆ. ಸಂಪರ್ಕದ ಬಗೆಯನ್ನು ಅನುಸರಿಸಿ ಆಯಾ ತಾಣದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಯಬೇಕು. ಇದನ್ನು ರೋಗಿಯೇ ತೆಗೆದುಕೊಡಬಹುದು. ನಮ್ಮ ದೇಶದಲ್ಲಿ ಲಕ್ಷಣಗಳ ಗುಂಪನ್ನು ನೋಡಿ ಮದ್ದು ಕೊಡುವ ಪದ್ಧತಿ ಬಹುಕಾಲದಿಂದ ಇದೆ. ಪ್ರಯೋಗಶಾಲೆಯಿಲ್ಲದ ಊರುಗಳಿಗೆ ಅದು ದೊಡ್ಡ ಉಪಕಾರ. ಆದರೆ ಲಕ್ಷಣವೇ ಇಲ್ಲದವನು ಅದರ ಬಲೆಗೆ ಬೀಳುವುದಿಲ್ಲ.

ಇವುಗಳೊಡನೆ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಗಳೂ ಆಗಬೇಕು. ಬಿ ಬಗೆಯದಕ್ಕೆ ಲಸಿಕೆಯುಂಟು. ಸಿ ಬಗೆಯದು ಇಂದು ಗುಳಿಗೆಗಳಿಂದ ಗುಣವಾಗುತ್ತದೆ.

ಎಷ್ಟು ಕಾಲಕ್ಕೊಮ್ಮೆ?

ಎಚ್.ಐ.ವಿ. ಚಿಕಿತ್ಸೆಗೆ ಮೊದಲು ಬಂದಾಗ ಒಮ್ಮೆ, ಅನಂತರ ವರ್ಷಕ್ಕೊಮ್ಮೆಯಾದರೂ ಈ ಪರೀಕ್ಷೆಗಳು ನಡೆಯಬೇಕೆಂಬುದು ತಜ್ಞರ ಸಾಮಾನ್ಯ ಸಲಹೆ. ಸಂಗಾತಿಗಳು ಹಲವರಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ. ವೈರಸ್ಸಿನ ಪ್ರಮಾಣವನ್ನು ಅಳೆಯಲು ಹೇಗೂ ರಕ್ತ ತೆಗೆಯುವಾಗ ಸಿಫಿಲಿಸ್ ಪರೀಕ್ಷೆಯನ್ನೂ ಸೇರಿಸಿದರೆ ಹೆಚ್ಚಿನ ಶ್ರಮವಿಲ್ಲ.

ಚಿಕಿತ್ಸೆ, ಸಂಗಾತಿ, ಸಂಕೋಚ

ಆರಂಭದ ಸಿಫಿಲಿಸ್ಸಿಗೆ ಬೆಂಜಥೀನ್ ಪೆನಿಸಿಲಿನ್ 24 ಲಕ್ಷ ಯೂನಿಟ್ಟುಗಳ ಒಂದು ಚುಚ್ಚುಮದ್ದು ಸಾಕು. ನರಮಂಡಲಕ್ಕೋ ಕಣ್ಣಿಗೋ ತಗಲಿರದಿದ್ದರೆ ಎಚ್.ಐ.ವಿ. ಇರುವವರಿಗೂ ಅಷ್ಟೇ. ಬಹುಕಾಲದಿಂದ ಅಡಗಿದ್ದುದಕ್ಕೆ ವಾರಕ್ಕೊಂದರಂತೆ ಮೂರು. ಈ ರೋಗಾಣು ಒಂದರಿಂದ ಎರಡಾಗಲು ಸುಮಾರು 30 ಗಂಟೆಗಳು ಹಿಡಿಯುತ್ತವೆ. ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ ರೋಗಾಣುವನ್ನು. ಆದ್ದರಿಂದ ಮದ್ದು ದಿನಗಟ್ಟಲೆ ರಕ್ತದಲ್ಲಿ ನಿಲ್ಲಬೇಕು. ಮಾಂಸಖಂಡದಿಂದ ನಿಧಾನವಾಗಿ ಇಳಿದುಬರುವ ಬೆಂಜಥೀನ್ ರೂಪವನ್ನು ಆರಿಸಿರುವುದು ಅದಕ್ಕಾಗಿ. 1943ರಲ್ಲಿ ಜಾನ್ ಮಹೋನಿ ಪೆನಿಸಿಲಿನ್ನನ್ನು ಸಿಫಿಲಿಸ್ಸಿಗೆ ಮೊದಲು ಪ್ರಯೋಗಿಸಿದಂದಿನಿಂದ ಇಂದಿನವರೆಗೂ ಅದು ಸೋತಿಲ್ಲ. ಗೊನೋರಿಯದ ಕಥೆ ಹೀಗಲ್ಲ. ಅದು ಒಂದಾದ ಮೇಲೊಂದು ಮದ್ದನ್ನು ಜಯಿಸುತ್ತ ಬಂದಿದೆ. ಅಂಗಡಿಯಲ್ಲಿ ಕೇಳಿ ಗುಳಿಗೆ ನುಂಗುವುದು ಅದಕ್ಕೇ ಅಪಾಯ.

ಸಂಗಾತಿಗೆ ಚಿಕಿತ್ಸೆಯಾಗದಿದ್ದರೆ ಸೋಂಕು ಮರಳಿ ಬರುತ್ತದೆ. ಸಿಫಿಲಿಸ್ ಒಮ್ಮೆ ಬಂದು ಗುಣವಾದುದರಿಂದ ಮತ್ತೆ ಬಾರದೆಂಬ ರಕ್ಷಣೆಯಿಲ್ಲ.

ಇಷ್ಟೆಲ್ಲ ಸಾಧನಗಳಿದ್ದೂ ರೋಗವು ಉಳಿದುಕೊಳ್ಳುವುದಕ್ಕೆ ಒಂದು ಮುಖ್ಯ ಕಾರಣ ಸಂಕೋಚ. ರೋಗಿ ಹೇಳಲು ನಾಚುತ್ತಾನೆ, ವೈದ್ಯರು ಕೇಳಲು ನಾಚುತ್ತಾರೆ. ಇಬ್ಬರ ಮೌನದ ನಡುವೆ ರೋಗಾಣು ನೆಮ್ಮದಿಯಾಗಿರುತ್ತದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕ ಪುರುಷರ ನಡುವಣ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ತೀರ್ಪಿತ್ತಿತು. ಅದೇ ತಿಂಗಳ 10ರಿಂದ ಜಾರಿಗೆ ಬಂದ 2017ರ ಎಚ್.ಐ.ವಿ. ಕಾಯಿದೆಯು ರೋಗಿಯ ಗುಟ್ಟನ್ನು ಕಾಪಾಡುವುದನ್ನು ಕರ್ತವ್ಯವನ್ನಾಗಿ ಮಾಡಿ, ಅವನ ಬಗ್ಗೆ ಭೇದಭಾವ ತೋರುವುದನ್ನು ನಿಷೇಧಿಸಿದೆ. ಕರ್ನಾಟಕವೂ ಸೇರಿದಂತೆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿರುವ ‘ಸುರಕ್ಷಾ’ ಕ್ಲಿನಿಕ್ಕುಗಳಲ್ಲಿ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ನಾಚಿಕೆಯಿಂದ ಕಳೆದ ಒಂದು ವರ್ಷದಲ್ಲಿ ಒಂದು ಕಣ್ಣು ಹೋಗಬಹುದು. ಒಂದು ತೊಟ್ಟು ರಕ್ತವೂ ಒಂದು ಚುಚ್ಚುಮದ್ದೂ ಅದನ್ನು ಉಳಿಸಬಹುದು. ಇವೆರಡನ್ನೂ ತೂಗಿ ನೋಡುವ ವಿವೇಕ ನಮ್ಮಲ್ಲಿರಬೇಕು.