ಬ್ರೇಕ್ ಹಾಕಿದಾಗ ಯಾವ ಚಕ್ರಕ್ಕೆ ಹೆಚ್ಚು ಕೆಲಸ?

ಮಕ್ಕಳೇ, ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ನೀವು ನಿಂತು ಪ್ರಯಾಣ ಮಾಡಿದ್ದೀರಾ? ತೆರಕಣಾಂಬಿ ಹತ್ತಿರ ಬಂದಾಗ ಚಾಲಕರು ಬ್ರೇಕ್ ಹಾಕುತ್ತಾರೆ. ನಿಂತವರೆಲ್ಲ ಒಮ್ಮೆಲೇ ಮುಂದಕ್ಕೆ ವಾಲುತ್ತಾರೆ. ಕಂಬಿ ಹಿಡಿಯದವರು ಪಕ್ಕದವರ ಕಾಲು ತುಳಿಯುತ್ತಾರೆ! ಬಸ್ಸಿನ ವೇಗ ಕಡಿಮೆಯಾದರೂ ನಮ್ಮ ದೇಹ ಮೊದಲಿನ ವೇಗದಲ್ಲೇ ಮುಂದೆ ಸಾಗುತ್ತಿರುತ್ತದೆ. ಇದಕ್ಕೆ ಜಡತ್ವ ಕಾರಣ.

ಆಗ ವಾಹನಕ್ಕೆ ಏನಾಗುತ್ತದೆ? ರಸ್ತೆಯಿಂದ ದೂರ ನಿಂತು, ಹಂಪ್ ಬಳಿ ಬ್ರೇಕ್ ಹಾಕುವ ಒಂದು ಕಾರನ್ನು ಗಮನಿಸಿ. ಅದರ ಮುಂಭಾಗ ಕೆಳಗೆ ಬಗ್ಗುತ್ತದೆ. ಹಿಂಭಾಗ ತುಸು ಮೇಲೇಳುತ್ತದೆ. ಏಕೆ?

ಭಾರದ ಪಾಲು ಬದಲಾಗುತ್ತದೆ

ಬ್ರೇಕ್ ಹಾಕಿದಾಗ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ ಕಾರನ್ನು ಹಿಂದಕ್ಕೆ ತಡೆಯುತ್ತದೆ. ಈ ತಡೆ ಇರುವುದು ಕೆಳಗೆ, ನೆಲದ ಮಟ್ಟದಲ್ಲಿ. ಕಾರಿನ ಮೈ ಇರುವುದು ಮೇಲೆ. ಅದು ಮುಂದೆ ಸಾಗಲು ನೋಡುತ್ತದೆ. ಆದ್ದರಿಂದ ಕಾರು ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರಗಳ ಮೇಲೆ ಒತ್ತಡ ಹೆಚ್ಚುತ್ತದೆ.

ಒಂದು ಲೆಕ್ಕ ನೋಡೋಣ. 1000 ಕಿಲೋಗ್ರಾಂ ತೂಗುವ ಒಂದು ಕಾರು ಇದೆ ಎನ್ನಿ. ಅದು ನಿಂತಿರುವಾಗ ಮುಂದಿನ ಎರಡು ಚಕ್ರಗಳು 600 ಕಿಲೋ, ಹಿಂದಿನ ಎರಡು 400 ಕಿಲೋ ಹೊರುತ್ತವೆ. ಜೋರಾಗಿ ಬ್ರೇಕ್ ಹಾಕಿದಾಗ ಸುಮಾರು 120 ಕಿಲೋ ಭಾರದ ಹೊರೆ ಹಿಂದಿನಿಂದ ಮುಂದಕ್ಕೆ ಹೋಗಬಹುದು. ಆಗ ಮುಂದೆ 720, ಹಿಂದೆ ಕೇವಲ 280! ಕಾರಿನ ತೂಕ ಬದಲಾಗಲಿಲ್ಲ. ಚಕ್ರಗಳು ಹಂಚಿಕೊಂಡ ಪಾಲು ಬದಲಾಯಿತು.

ಹೆಚ್ಚು ಭಾರ ಹೊತ್ತ ಟೈರು ರಸ್ತೆಯನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತದೆ. ಹಾಗಾಗಿ ಕಾರು ನಿಲ್ಲಿಸುವ ಕೆಲಸದಲ್ಲಿ ಮುಂದಿನ ಬ್ರೇಕ್‌ಗಳದೇ ದೊಡ್ಡ ಪಾಲು. ಅನೇಕ ಕಾರುಗಳಲ್ಲಿ ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್ ಇರುವುದನ್ನು ನೀವು ನೋಡಬಹುದು.

ನಾಲ್ಕೂ ಚಕ್ರಗಳಿಗೆ ಒಂದೇ ಸಮ ಬ್ರೇಕ್ ಕೊಟ್ಟರೆ ಏನಾಗುತ್ತದೆ? ಭಾರ ಕಡಿಮೆಯಾದ ಹಿಂದಿನ ಚಕ್ರಗಳು ಬೇಗನೆ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತವೆ. ಅದರಿಂದ ಏನು ಅಪಾಯ? ನೀವೇ ಕಂಡುಕೊಳ್ಳಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಚಕ್ರಗಳು ಸಲೀಸಾಗಿ ತಿರುಗುವ ಆಟಿಕೆ ಕಾರು, ಉದ್ದನೆಯ ನುಣುಪು ಹಲಗೆ, ಅಂಟುಪಟ್ಟಿ.

1. ಹಲಗೆಯ ಒಂದು ತುದಿಗೆ ಪುಸ್ತಕಗಳನ್ನಿಟ್ಟು ಇಳಿಜಾರು ಮಾಡಿ.
2. ಕಾರಿನ ಮುಂದಿನ ಎರಡು ಚಕ್ರಗಳು ತಿರುಗದಂತೆ ಅಂಟುಪಟ್ಟಿ ಹಾಕಿ. ಕಾರನ್ನು ನೇರವಾಗಿ ಕೆಳಗೆ ಬಿಡಿ. ಅದು ಜಾರದಿದ್ದರೆ ಹಲಗೆಯನ್ನು ಇನ್ನಷ್ಟು ಎತ್ತರಿಸಿ.
3. ಈಗ ಆ ಪಟ್ಟಿ ತೆಗೆದು ಹಿಂದಿನ ಚಕ್ರಗಳಿಗೆ ಹಾಕಿ. ಮತ್ತೆ ಬಿಡಿ.

ಮೊದಲ ಸಲ ಕಾರು ಹೆಚ್ಚುಕಡಿಮೆ ನೇರವಾಗಿ ಜಾರುತ್ತದೆ. ಎರಡನೆಯ ಸಲ ಹಿಂಭಾಗ ಪಕ್ಕಕ್ಕೆ ಸರಿದು, ಕಾರು ಗಿರ್ರನೆ ತಿರುಗಿ ಹಿಂದುಮುಂದಾಗುತ್ತದೆ!

ತಿರುಗುತ್ತಿರುವ ಚಕ್ರ ಪಕ್ಕಕ್ಕೆ ಸುಲಭವಾಗಿ ಸರಿಯುವುದಿಲ್ಲ. ಜಾರುವ ಚಕ್ರಕ್ಕೆ ಆ ಹಿಡಿತ ಇರುವುದಿಲ್ಲ. ಹಿಂದಿನ ಚಕ್ರಗಳು ಜಾರಿದರೆ ವಾಹನ ಸುತ್ತಿಬಿಡುತ್ತದೆ. ಮುಂದಿನ ಚಕ್ರಗಳು ಜಾರಿದರೂ ಅಪಾಯವೇ, ಏಕೆಂದರೆ ಸ್ಟಿಯರಿಂಗ್ ತಿರುಗಿಸಿದರೂ ವಾಹನ ತಿರುಗದು. ಆದರೆ ಅದು ನೇರವಾಗಿ ಸಾಗುತ್ತದೆ. ಅದಕ್ಕೇ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲು ಜಾರದಂತೆ ಎಂಜಿನಿಯರುಗಳು ಬ್ರೇಕ್‌ಗಳನ್ನು ಹೊಂದಿಸುತ್ತಾರೆ.

ತರಕಾರಿ ತುಂಬಿದ ಪಿಕಪ್

ಗುಂಡ್ಲುಪೇಟೆ ಸುತ್ತಮುತ್ತ ಬೆಳೆದ ತರಕಾರಿ ವಾಹನಗಳಲ್ಲಿ ಕೇರಳಕ್ಕೂ ಹೋಗುತ್ತದೆ. ಹೋಗುವಾಗ ಹಿಂದೆ ಕೋಸು, ಟೊಮೆಟೊ ತುಂಬಿರುತ್ತದೆ. ಆಗ ಹಿಂದಿನ ಚಕ್ರಗಳ ಮೇಲೆ ಭಾರ ಹೆಚ್ಚು, ಅವುಗಳಿಗೆ ಜೋರಾದ ಬ್ರೇಕ್ ಬೇಕು. ಬರುವಾಗ ಗಾಡಿ ಖಾಲಿ. ಅಷ್ಟೇ ಜೋರಾದ ಬ್ರೇಕ್ ಹಿಂದಿನ ಚಕ್ರಗಳಿಗೆ ಬಿದ್ದರೆ ಅವು ಜಾರಿಬಿಡುತ್ತವೆ. ದಾರಿಯಲ್ಲಿ ಬಂಡೀಪುರದ ಕಾಡಿದೆ. ಜಿಂಕೆಯೊಂದು ದಿಢೀರನೆ ಅಡ್ಡ ಬಂದರೆ?

ಇದಕ್ಕಾಗಿ ಇಂಥ ಹಲವು ವಾಹನಗಳಲ್ಲಿ ಒಂದು ಜಾಣ ಕವಾಟ ಇರುತ್ತದೆ. ಭಾರ ತುಂಬಿದಾಗ ಗಾಡಿಯ ಹಿಂಭಾಗ ತಗ್ಗುತ್ತದೆ. ಆಗ ಒಂದು ಸರಳು ಕವಾಟವನ್ನು ಸರಿಸಿ, ಹಿಂದಿನ ಬ್ರೇಕ್‌ಗೆ ಹೆಚ್ಚು ಒತ್ತಡ ಹೋಗುವಂತೆ ಮಾಡುತ್ತದೆ. ಗಾಡಿ ಖಾಲಿಯಾದಾಗ ಒತ್ತಡ ಕಡಿಮೆಯಾಗುತ್ತದೆ.

ಈಗಿನ ಕಾರುಗಳಲ್ಲಿ ಈ ಕೆಲಸವನ್ನು ಒಂದು ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಪ್ರತಿ ಚಕ್ರದ ವೇಗವನ್ನು ಸೆಕೆಂಡಿಗೆ ಹಲವು ಬಾರಿ ಅಳೆದು, ಜಾರಲು ಹೊರಟ ಚಕ್ರದ ಬ್ರೇಕನ್ನು ಸಡಿಲಿಸುತ್ತದೆ. ಎಬಿಎಸ್ ಎಂಬ ಈ ವ್ಯವಸ್ಥೆ ನಮ್ಮ ದೇಶದ ಹೊಸ ಕಾರುಗಳಿಗೆ 2019ರಿಂದ ಕಡ್ಡಾಯವಾಗಿದೆ.

ನಿಮ್ಮ ಸೈಕಲ್ಲಿನಲ್ಲಿ

"ಮುಂದಿನ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ" ಎಂದು ದೊಡ್ಡವರು ಹೇಳುವುದುಂಟು. ಇದರಲ್ಲಿ ಅರ್ಧ ಸತ್ಯವಿದೆ. ಮುಂದಿನ ಬ್ರೇಕನ್ನಷ್ಟೇ ಗಟ್ಟಿಯಾಗಿ ಒತ್ತಿದರೆ ಹಿಂದಿನ ಚಕ್ರ ಮೇಲೇಳಬಹುದು. ಆದರೆ ಹಿಂದಿನ ಬ್ರೇಕ್ ಒಂದನ್ನೇ ನಂಬಿದರೆ, ಹಗುರಾದ ಆ ಚಕ್ರ ಜಾರುತ್ತದೆ. ಸೈಕಲ್ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಎರಡೂ ಬ್ರೇಕ್‌ಗಳನ್ನು ಒಟ್ಟಿಗೆ, ಮೆಲ್ಲಗೆ ಒತ್ತುತ್ತಾ ಬಿಗಿ ಮಾಡಿ. ಮರಳು ಬಿದ್ದ ತಿರುವು ಬರುವ ಮೊದಲೇ ವೇಗ ತಗ್ಗಿಸಿ. ನಿಮ್ಮ ಸೈಕಲ್ಲಿನ ಎರಡೂ ಬ್ರೇಕ್ ಸರಿಯಾಗಿವೆಯೇ? ಇಂದೇ ನೋಡಿ. ಇಲ್ಲವಾದರೆ ಮನೆಯವರಿಗೆ ಹೇಳಿ ಸರಿ ಮಾಡಿಸಿ.

ಯೋಚಿಸಿ

1. ಸೈಕಲ್ಲಿನ ಹಿಂದೆ ಗೆಳೆಯನನ್ನು ಕೂರಿಸಿಕೊಂಡರೆ ಹಿಂದಿನ ಬ್ರೇಕಿನ ಹಿಡಿತ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ?
2. ಮಳೆಯಲ್ಲಿ ನೆನೆದ ರಸ್ತೆಯಲ್ಲಿ ಕಾರಿನ ಮುಂಭಾಗ ಹೆಚ್ಚು ಬಗ್ಗುವಷ್ಟು ಜೋರಾಗಿ ನಿಲ್ಲಿಸಲು ಆಗುವುದಿಲ್ಲ. ಏಕೆ?
3. ಇಳಿಜಾರಿನಲ್ಲಿ ಇಳಿಯುವ ವಾಹನದ ಯಾವ ಚಕ್ರಗಳ ಮೇಲೆ ಹೆಚ್ಚು ಭಾರ ಬೀಳುತ್ತದೆ?